ಹಿಂದಿನ ಗೋಪುರವೋ, ಮುಂದಿನ ಮುಖವೋ? – ಕ್ಯಾಮೆರಾದ ಬೆಳಕಿನ ಲೆಕ್ಕ



ದೋಹಾದಲ್ಲಿರುವ ನಮ್ಮ ಕನ್ನಡ ಕುಟುಂಬಗಳ ಆಲ್ಬಮ್ಮುಗಳಲ್ಲಿ ಒಂದು ಫೋಟೊ ಮಾತ್ರ ಇದ್ದೇ ಇರುತ್ತದೆ. ಕಾರ್ನಿಶ್ ದಂಡೆಯಲ್ಲಿ ಮನೆಮಂದಿಯೆಲ್ಲ ಸಾಲಾಗಿ ನಿಂತಿರುತ್ತಾರೆ. ಹಿಂದೆ ಕೊಲ್ಲಿಯ ನೀರು, ನೀರಿನಾಚೆ ವೆಸ್ಟ್ ಬೇ ಗೋಪುರಗಳು. ಊರಿನಿಂದ ಯಾರೇ ಬರಲಿ, ಮಾರನೆಯ ದಿನ ಸಂಜೆ ಅವರನ್ನು ಅಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆಯದಿದ್ದರೆ ನಮಗೆ ಸಮಾಧಾನವಿಲ್ಲ. ಆದರೆ ಆ ಫೋಟೊಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಹೆಚ್ಚಿನವು ಎರಡೇ ಬಗೆ. ಒಂದರಲ್ಲಿ ಗೋಪುರಗಳು ಝಗಮಗ, ಮುಂದೆ ನಿಂತವರು ಮಾತ್ರ ಇದ್ದಿಲಿನ ಬೊಂಬೆಗಳು. ಇನ್ನೊಂದರಲ್ಲಿ ಫ್ಲ್ಯಾಶ್ ಬಿದ್ದು ಮುಖಗಳು ಸುಣ್ಣ ಬಳಿದ ಹಾಗೆ ಬಿಳಿ, ಹಿಂದೆ ಬರೀ ಕತ್ತಲು. ಅದು ದೋಹಾವೋ ದಾವಣಗೆರೆಯೋ ಎಂದು ಹೇಳುವುದೇ ಕಷ್ಟ.

ಈ ಫೋಟೊಗಳು ಕೊನೆಗೆ ಹೋಗಿ ಸೇರುವುದು ಊರಿನಲ್ಲಿರುವ ಅಪ್ಪ ಅಮ್ಮನ ಕೈಗೆ. ಅಮ್ಮ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡುವುದು ಗೋಪುರವನ್ನಲ್ಲ. ಮಗ ಸೊರಗಿದ್ದಾನಾ, ಮೊಮ್ಮಗಳಿಗೆ ಮುಂದಿನ ಹಲ್ಲು ಬಂತಾ, ಸೊಸೆಯ ಮುಖದಲ್ಲಿ ಆಯಾಸ ಕಾಣುತ್ತಾ ಎಂದು. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗುವ ನಮ್ಮಂಥವರ ಮನೆಗಳಲ್ಲಿ ಉಳಿದ ಹನ್ನೊಂದು ತಿಂಗಳು ಮುಖ ನೋಡಿಕೊಳ್ಳುವುದು ಪರದೆಯ ಮೇಲೇ. ಆ ಮುಖವೇ ಕಪ್ಪಾಗಿ ಬಂದರೆ ಹಿಂದಿನ ಗೋಪುರ ಎಷ್ಟು ಚೆನ್ನಾಗಿದ್ದರೇನು?

ಇದಕ್ಕೆ ಮದ್ದು ದುಬಾರಿ ಕ್ಯಾಮೆರಾ ಅಲ್ಲ. ಕ್ಯಾಮೆರಾಕ್ಕೆ ಬೆಳಕನ್ನು ಅಳೆಯುವುದು ಗೊತ್ತು, ಆದರೆ ಆ ಚೌಕಟ್ಟಿನಲ್ಲಿ ನಿಮಗೆ ಬೇಕಾದದ್ದು ಯಾವುದು ಎಂಬುದು ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು. ಹೇಳುವ ವಿಧಾನಕ್ಕೆ ಎಕ್ಸ್‌ಪೋಷರ್ ಎಂದು ಹೆಸರು. ಕೇಳಲು ಕಷ್ಟವೆನಿಸಿದರೂ ಮಗ್ಗಿ ಬಲ್ಲವರಿಗೆಲ್ಲ ಇದು ಅರ್ಥವಾಗುವ ವಿಷಯ.

ಆಟೋ ಮೋಡ್ ಮಾಡುವ ಲೆಕ್ಕ

ಆಟೋದಲ್ಲಿಟ್ಟಾಗ ಕ್ಯಾಮೆರಾದೊಳಗಿನ ಮೀಟರು ಚೌಕಟ್ಟಿನಲ್ಲಿ ಬಿದ್ದ ಬೆಳಕನ್ನು ಅಳೆದು, ಚಿತ್ರ ಒಟ್ಟಾರೆ ಮಧ್ಯಮ ಬೂದು ಬಣ್ಣದಷ್ಟು ಹೊಳಪಾಗಿ ಬರುವಂತೆ ಹೊಂದಿಸುತ್ತದೆ. ಹೊಳೆಯುವುದು ಮತ್ತು ಕಪ್ಪಾಗಿರುವುದು ಸಮಸಮ ಇದ್ದಾಗ ಈ ಲೆಕ್ಕ ಸರಿಯಾಗಿಯೇ ಬರುತ್ತದೆ. ಆದರೆ ಬಿಳಿ ಗೋಡೆಯೊಂದನ್ನೇ ತೆಗೆಯಿರಿ, ಬೂದಾಗಿ ಬರುತ್ತದೆ. ಕಪ್ಪು ಕೋಟನ್ನು ತೆಗೆಯಿರಿ, ಅದೂ ಬೂದಾಗಿಯೇ ಬರುತ್ತದೆ. ಬಿಳಿಯನ್ನು ನೋಡಿ ಬೆಳಕು ಜಾಸ್ತಿಯಾಯಿತೆಂದು ತಗ್ಗಿಸುತ್ತದೆ, ಕಪ್ಪನ್ನು ನೋಡಿ ಬೆಳಕು ಸಾಲದೆಂದು ಏರಿಸುತ್ತದೆ.

ಈಗ ಕಾರ್ನಿಶ್ ಫೋಟೊಗೆ ಬನ್ನಿ. ಸಂಜೆ ಪಡುವಣದ ಆಕಾಶ ಬೆಳಗುತ್ತಿರುತ್ತದೆ, ಗೋಪುರಗಳ ದೀಪಗಳು ಹತ್ತಿರುತ್ತವೆ. ಚೌಕಟ್ಟಿನ ಮುಕ್ಕಾಲು ಭಾಗ ಹೊಳಪು. ಮುಂದೆ ನಿಂತವರ ಮುಖದ ಮೇಲೆ ಬೆಳಕೇ ಇಲ್ಲ. ಮೀಟರು ಬಹುಮತಕ್ಕೆ ಮಣಿದು ಆಕಾಶಕ್ಕೆ ಹೊಂದಿಸುತ್ತದೆ, ಅಲ್ಪಸಂಖ್ಯಾತರಾದ ಮುಖಗಳು ಕತ್ತಲಿಗೆ ಬೀಳುತ್ತವೆ. ನಮ್ಮ ಕಣ್ಣಿಗೆ ಎರಡೂ ಕಾಣುತ್ತಿರುತ್ತವಲ್ಲ ಎನ್ನಬಹುದು. ಕಣ್ಣು ಆಕಾಶವನ್ನು ನೋಡುವಾಗ ಒಂದು ರೀತಿ, ಮುಖವನ್ನು ನೋಡುವಾಗ ಇನ್ನೊಂದು ರೀತಿ ಕ್ಷಣಕ್ಷಣಕ್ಕೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಒಂದು ಚಿತ್ರಕ್ಕೆ ಒಂದೇ ಅಳತೆ.

ಬೆಳಕಿನ ಮೂರು ಹಿಡಿಗಳು

ಚಿತ್ರಕ್ಕೆ ಬೀಳುವ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಮೂರು ದಾರಿಗಳಿವೆ. ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬಿಸುವುದನ್ನು ನೆನಪಿಸಿಕೊಳ್ಳಿ. ನಲ್ಲಿಯನ್ನು ಎಷ್ಟು ತಿರುಗಿಸಿದಿರಿ ಎಂಬುದು ಒಂದು, ಎಷ್ಟು ಹೊತ್ತು ಬಿಟ್ಟಿರಿ ಎಂಬುದು ಇನ್ನೊಂದು.

1. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ. ಇದು ನಲ್ಲಿಯ ತಿರುಗಣೆ. ಇದನ್ನು ಕಣ್ಣಾರೆ ನೋಡಬೇಕಾದರೆ ವೆಸ್ಟ್ ಬೇಯ ಕಡೆಗೇ ತಿರುಗಿ. ಮೇಲೆ ಗುಮ್ಮಟ, ತುದಿಯಲ್ಲಿ ಸೂಜಿಯಂತಿರುವ ದುಂಡನೆಯ ಕಟ್ಟಡ ದೋಹಾ ಟವರ್. ಫ್ರೆಂಚ್ ವಾಸ್ತುಶಿಲ್ಪಿ ಜಾನ್ ನೂವೆಲ್ ಅವರ ವಿನ್ಯಾಸ, 2012ರಲ್ಲಿ ಪೂರ್ಣಗೊಂಡದ್ದು, 238 ಮೀಟರ್ ಎತ್ತರ. ಅದರ ಮೈಮೇಲೆ ಅರಬ್ಬರ ಮಶ್ರಬಿಯಾ ಕಿಟಕಿಯ ಮಾದರಿಯ ಅಲ್ಯೂಮಿನಿಯಂ ಜಾಲರಿ ಹೊದಿಸಿದ್ದಾರೆ. ಬಿಸಿಲು ಕಡಿಮೆ ಬೀಳುವ ಉತ್ತರಕ್ಕೆ ಜಾಲರಿ ಶೇಕಡಾ 25ರಷ್ಟು ಮಾತ್ರ ಮುಚ್ಚಿದೆ, ದಕ್ಷಿಣಕ್ಕೆ 40, ಬಿಸಿಲು ಓರೆಯಾಗಿ ನೇರ ಒಳಕ್ಕೆ ಹೊಡೆಯುವ ಪೂರ್ವ ಪಶ್ಚಿಮಗಳಿಗೆ 60. ಇದೇ ನೂವೆಲ್ ಅವರು 1987ರಲ್ಲಿ ಪ್ಯಾರಿಸ್ಸಿನಲ್ಲಿ ಪೂರ್ಣಗೊಂಡ ಅರಬ್ ಜಗತ್ತಿನ ಸಂಸ್ಥೆಯ ಕಟ್ಟಡದ ಗೋಡೆಗೆ ಕ್ಯಾಮೆರಾದ ಕಿಂಡಿಯ ಹಾಗೆಯೇ ತೆರೆದು ಮುಚ್ಚುವ ಲೋಹದ ಕಣ್ಣುಗಳನ್ನು ಕೂರಿಸಿದ್ದರು. ನಿಮ್ಮ ಲೆನ್ಸಿನೊಳಗೆ ಇರುವುದೂ ಅದೇ.

ಕಿಂಡಿಯ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ: 2.8, 4, 5.6, 8, 11, 16. ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಒಂದು ಒಬ್ಬಟ್ಟನ್ನು ನಾಲ್ವರಿಗೆ ಹಂಚುವುದಕ್ಕೂ ಹದಿನಾರು ಮಂದಿಗೆ ಹಂಚುವುದಕ್ಕೂ ಇರುವ ವ್ಯತ್ಯಾಸ ನೆನಪಿಟ್ಟುಕೊಂಡರೆ ಸಾಕು. 50 ಮಿಲಿಮೀಟರ್ ಲೆನ್ಸಿನ ಕಿಂಡಿ ಎಫ್ 2.8ರಲ್ಲಿ ಸುಮಾರು 18 ಮಿ.ಮೀ. ಅಗಲ, ಎಫ್ 16ರಲ್ಲಿ ಸುಮಾರು 3 ಮಿ.ಮೀ. ದೊಡ್ಡ ಕಿಂಡಿಗೆ ತೆರುವ ಬೆಲೆ ಏನೆಂದರೆ, ಮುಖ ಸ್ಪಷ್ಟವಾಗಿ ಬಂದು ಹಿಂದಿನದು ಮಸುಕಾಗುತ್ತದೆ. ಚಿಕ್ಕ ಕಿಂಡಿಯಲ್ಲಿ ಹತ್ತಿರದ್ದೂ ದೂರದ್ದೂ ಸ್ಪಷ್ಟ, ಆದರೆ ಬೆಳಕು ಕಡಿಮೆ.

2. ಶಟರ್ ಸ್ಪೀಡ್, ಅಂದರೆ ಬಾಗಿಲು ತೆರೆದಿರುವ ಹೊತ್ತು. 1/500 ಎಂದರೆ ಸೆಕೆಂಡಿನ ಐನೂರರ ಒಂದು ಭಾಗ. ಹೆಚ್ಚು ಹೊತ್ತು ತೆರೆದಿಟ್ಟರೆ ಹೆಚ್ಚು ಬೆಳಕು, ಆದರೆ ಅಷ್ಟು ಹೊತ್ತಿನಲ್ಲಿ ಅಲುಗಾಡಿದ್ದೆಲ್ಲ ಗೀಚಿದಂತೆ ಬರುತ್ತದೆ. ಓಡುವ ಮಗುವಿಗೆ 1/500 ಬೇಕು. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸ್ 50 ಮಿ.ಮೀ. ಆಗಿದ್ದರೆ 1/50ಕ್ಕಿಂತ, 200 ಆಗಿದ್ದರೆ 1/200ಕ್ಕಿಂತ ನಿಧಾನ ಹೋಗಬಾರದು ಎಂಬುದು ಹಳಬರ ಲೆಕ್ಕ. ಕೈನಡುಕ ತಡೆಯುವ ಸೌಲಭ್ಯವಿರುವ ಲೆನ್ಸು, ಕ್ಯಾಮೆರಾಗಳಲ್ಲಿ ಇನ್ನೂ ಸ್ವಲ್ಪ ಕೆಳಗಿಳಿಯಬಹುದು. ಆದರೆ ಅದು ನಿಮ್ಮ ಕೈಯನ್ನು ನಿಲ್ಲಿಸೀತೇ ಹೊರತು ಮಗುವನ್ನು ನಿಲ್ಲಿಸುವುದಿಲ್ಲ.

3. ಐಎಸ್‌ಒ. ನಲ್ಲಿಯೂ ಪೂರ್ತಿ ತಿರುಗಿಸಿದ್ದಾಯಿತು, ಕಾಯಲು ಸಮಯವೂ ಇಲ್ಲ, ಬಿಂದಿಗೆ ತುಂಬಿಲ್ಲ. ಆಗ ಮಾಡುವ ಸಾಲವೇ ಐಎಸ್‌ಒ. ಇದು ಹೊಸ ಬೆಳಕನ್ನು ತರುವುದಿಲ್ಲ, ಬಿದ್ದಷ್ಟು ಬೆಳಕಿನ ಸಂಕೇತವನ್ನೇ ಹಿಗ್ಗಿಸುತ್ತದೆ. ಹಿಗ್ಗಿಸುವಾಗ ಅದರ ಜೊತೆ ಕಾಳುಕಾಳು ಚುಕ್ಕೆಗಳೂ ಹಿಗ್ಗುತ್ತವೆ. ಅದು ಸಾಲದ ಬಡ್ಡಿ. 100, 200ರಲ್ಲಿ ಬಡ್ಡಿ ಗೊತ್ತೇ ಆಗುವುದಿಲ್ಲ, 3200, 6400ರಲ್ಲಿ ಕಣ್ಣಿಗೆ ಕಾಣುತ್ತದೆ. ಫಿಲ್ಮ್ ಕಾಲದಲ್ಲಿ ಒಂದು ರೋಲು ಹಾಕಿದರೆ 36 ಚಿತ್ರಗಳಿಗೂ ಒಂದೇ ಐಎಸ್‌ಒ. ಡಿಜಿಟಲ್‌ನಲ್ಲಿ ಚಿತ್ರದಿಂದ ಚಿತ್ರಕ್ಕೆ ಬದಲಾಯಿಸಬಹುದು. ಹಾಗೆಂದು ಸಾಲಕ್ಕೆ ಹೆದರಿ ಕೂರಬೇಡಿ. ಚುಕ್ಕೆಯಿರುವ ಸ್ಪಷ್ಟ ಮುಖವು ಚುಕ್ಕೆಯಿಲ್ಲದ ಮಸುಕು ಮುಖಕ್ಕಿಂತ ಎಷ್ಟೋ ವಾಸಿ.

ಮೆಟ್ಟಿಲ ಲೆಕ್ಕ

ಈ ಮೂರಕ್ಕೂ ಒಂದೇ ನಾಣ್ಯ ಚಲಾವಣೆಯಲ್ಲಿದೆ. ಅದರ ಹೆಸರು ಸ್ಟಾಪ್, ನಾವು ಮೆಟ್ಟಿಲು ಎನ್ನೋಣ. ಒಂದು ಮೆಟ್ಟಿಲು ಹತ್ತಿದರೆ ಬೆಳಕು ಎರಡರಷ್ಟು, ಇಳಿದರೆ ಅರ್ಧ. ಎಫ್ 8ರಿಂದ 5.6ಕ್ಕೆ ಒಂದು ಮೆಟ್ಟಿಲು. 1/250ರಿಂದ 1/125ಕ್ಕೆ ಒಂದು. ಐಎಸ್‌ಒ 100ರಿಂದ 200ಕ್ಕೆ ಒಂದು. ಒಂದು ಕಡೆ ಹತ್ತಿದರೆ ಇನ್ನೊಂದು ಕಡೆ ಅಷ್ಟೇ ಇಳಿಯಬೇಕು, ಆಗ ಚಿತ್ರದ ಹೊಳಪು ಮೊದಲಿನಷ್ಟೇ ಇರುತ್ತದೆ.

ಉದಾಹರಣೆಗೆ, ಇಸ್ಲಾಮಿಕ್ ಕಲಾ ಮ್ಯೂಸಿಯಂ ಪಕ್ಕದ ಪಾರ್ಕಿಗೆ ಹೋಗಿ. ಐ. ಎಂ. ಪೇ ಅವರು ವಿನ್ಯಾಸ ಮಾಡಿ 2008ರಲ್ಲಿ ತೆರೆದ ಆ ಮ್ಯೂಸಿಯಂ ಬಳಿಯಿಂದ ವೆಸ್ಟ್ ಬೇ ಇಡಿಯಾಗಿ ಕಾಣುತ್ತದೆ. ಮಗ್ರಿಬ್ ಆಜಾನ್ ಕೇಳಿಸಿದಾಗ ಸೂರ್ಯ ಮುಳುಗಿದ ಎಂದು ಅರ್ಥ. ಡಿಸೆಂಬರಿನಲ್ಲಿ ಅದು ಐದು ಗಂಟೆಗೆ ಮೊದಲೇ, ಜೂನಿನಲ್ಲಿ ಆರೂವರೆಯ ಹತ್ತಿರ. ಅಲ್ಲಿಂದ ಹದಿನೈದು ಇಪ್ಪತ್ತೈದು ನಿಮಿಷದವರೆಗೆ ಆಕಾಶ ಗಾಢ ನೀಲಿಯಾಗಿರುತ್ತದೆ, ದೀಪಗಳೂ ಹತ್ತಿರುತ್ತವೆ. ಪೂರ್ತಿ ಕತ್ತಲಾದ ಮೇಲೆ ತೆಗೆದರೆ ಆಕಾಶ ಬರೀ ಕಪ್ಪು, ಕಟ್ಟಡದ ಅಂಚೇ ಕಾಣದು. ಆದ್ದರಿಂದ ಈ ಹೊತ್ತೇ ಸರಿಯಾದ ಹೊತ್ತು.

ಆಗ ಐಎಸ್‌ಒ 100, ಎಫ್ 8 ಇಟ್ಟರೆ ಶಟರ್ ಸುಮಾರು 2 ಸೆಕೆಂಡು ಬೇಕಾಗುತ್ತದೆ, ಕತ್ತಲಾಗುತ್ತ ಹೋದಂತೆ 8 ಸೆಕೆಂಡಿನವರೆಗೂ ಹೋಗಬಹುದು. ಬರೀ ಗೋಪುರಗಳ ಚಿತ್ರಕ್ಕೆ ಇದು ಚೆನ್ನ. ಟ್ರೈಪಾಡ್ ಇಲ್ಲದಿದ್ದರೆ ಕ್ಯಾಮೆರಾವನ್ನು ಬೆಂಚಿನ ಮೇಲೆ ಅಲುಗಾಡದಂತೆ ಇಟ್ಟು, 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ತೇಲುತ್ತಿರುವ ಧೋ ದೋಣಿಗಳು ಮಾತ್ರ ಮಸುಕಾಗುತ್ತವೆ. ಅದಕ್ಕೆ ಉಪಾಯವಿಲ್ಲ.

ಆದರೆ ಮನುಷ್ಯರು 2 ಸೆಕೆಂಡು ಕಲ್ಲಿನಂತೆ ನಿಲ್ಲಲಾರರು, ಮಕ್ಕಳಂತೂ ಸಾಧ್ಯವೇ ಇಲ್ಲ. ಮೆಟ್ಟಿಲು ಹತ್ತೋಣ. ಎಫ್ 8ರಿಂದ ಎಫ್ 4ಕ್ಕೆ ಎರಡು ಮೆಟ್ಟಿಲು: 2 ಸೆಕೆಂಡು ಅರ್ಧ ಸೆಕೆಂಡಾಯಿತು. ಐಎಸ್‌ಒ 100ರಿಂದ 400ಕ್ಕೆ ಇನ್ನೆರಡು: ಅರ್ಧ ಸೆಕೆಂಡು 1/8 ಆಯಿತು. 1600ಕ್ಕೆ ಹೋದರೆ ಮತ್ತೆರಡು: ಸುಮಾರು 1/30. ಬೆಳಕು ಅಷ್ಟೇ, ಖರ್ಚಿನ ಬಾಬ್ತು ಮಾತ್ರ ಬೇರೆ.

ಮುಖವೂ ಬೇಕು, ಗೋಪುರವೂ ಬೇಕು

ಮೇಲಿನ ಲೆಕ್ಕದಿಂದ ಗೋಪುರಗಳು ಬಂದವು. ಮುಖ ಇನ್ನೂ ಕಪ್ಪೇ. ಏಕೆಂದರೆ ಮುಖದ ಮೇಲಿನ ಬೆಳಕೇ ಬೇರೆ, ಹಿಂದಿನ ಬೆಳಕೇ ಬೇರೆ. ಇಲ್ಲಿ ಮೂರು ದಾರಿಗಳಿವೆ.

ಮೊದಲನೆಯದು, ಮುಖವನ್ನು ಆರಿಸಿಕೊಳ್ಳುವುದು. ಕ್ಯಾಮೆರಾದಲ್ಲಿ ಕೂಡಿಸು ಕಳೆ ಚಿಹ್ನೆಯಿರುವ ಗುಂಡಿ ಇರುತ್ತದೆ. ಅದು ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಹಿಂದೆ ಹೊಳೆಯುವ ಆಕಾಶವಿದ್ದರೆ +1 ಅಥವಾ +2 ಮಾಡಿ. ಮೀಟರಿಗೆ “ನಿನ್ನ ಲೆಕ್ಕ ಇರಲಿ, ನನಗೆ ಎರಡು ಮೆಟ್ಟಿಲು ಹೆಚ್ಚು ಕೊಡು” ಎಂದು ಹೇಳಿದಂತೆ. ಮುಖ ಬೆಳಗುತ್ತದೆ, ಆಕಾಶ ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಳ್ಳಲಿ ಬಿಡಿ.

ಎರಡನೆಯದು, ಬೆಳಕಿರುವಲ್ಲಿಗೆ ಮುಖವನ್ನೇ ಒಯ್ಯುವುದು. ದಂಡೆಯ ದೀಪದ ಕಂಬ ಮುಖದ ಎದುರಿಗೆ ಬರುವಂತೆ ನಾಲ್ಕು ಹೆಜ್ಜೆ ಸರಿದು ನಿಲ್ಲಿಸಿ. ದೀಪ ನೆತ್ತಿಯ ಮೇಲೆ ನೇರವಾಗಿದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ, ಸ್ವಲ್ಪ ಓರೆಯಾಗಿ ಎದುರಿಗಿದ್ದರೆ ಚೆನ್ನ. ಖರ್ಚಿಲ್ಲದ ಈ ಉಪಾಯವನ್ನೇ ನಾವು ಮರೆಯುವುದು ಹೆಚ್ಚು.

ಮೂರನೆಯದು, ಎರಡನ್ನೂ ಪಡೆಯುವ ದಾರಿ: ಸ್ಲೋ ಸಿಂಕ್ ಫ್ಲ್ಯಾಶ್. ಆಟೋದಲ್ಲಿ ಫ್ಲ್ಯಾಶ್ ಹಾಕಿದಾಗ ಕ್ಯಾಮೆರಾ ಹೆಚ್ಚಾಗಿ 1/60ರ ಸುಮಾರಿನ ಶಟರ್ ಇಡುತ್ತದೆ. ಹತ್ತಿರದ ಮುಖಕ್ಕೆ ಫ್ಲ್ಯಾಶ್ ಸಾಕಾಗುತ್ತದೆ, ಆದರೆ ಅದು ಕೊಲ್ಲಿ ದಾಟಿ ವೆಸ್ಟ್ ಬೇ ಮುಟ್ಟುವುದಿಲ್ಲ. ಅಷ್ಟು ಕಡಿಮೆ ಹೊತ್ತಿನಲ್ಲಿ ಗೋಪುರದ ಬೆಳಕೂ ಸಾಲದು. ಅದರ ಬದಲು ಐಎಸ್‌ಒ 400, ಎಫ್ 4, 1/8 ಇಟ್ಟು, ಕ್ಯಾಮೆರಾವನ್ನು ಭದ್ರವಾಗಿ ಕೂರಿಸಿ ಫ್ಲ್ಯಾಶ್ ಹಾಕಿ. ಒಂದೇ ಚಿತ್ರದಲ್ಲಿ ಎರಡು ಕೆಲಸ ಆಗುತ್ತದೆ: ಫ್ಲ್ಯಾಶ್ ಕ್ಷಣಮಾತ್ರದಲ್ಲಿ ಮುಖವನ್ನು ಹಿಡಿಯುತ್ತದೆ, ತೆರೆದೇ ಇರುವ ಶಟರ್ ಗೋಪುರಗಳನ್ನು ತುಂಬಿಕೊಳ್ಳುತ್ತದೆ. ಮುಖ ಸುಣ್ಣದಂತಾದರೆ ಫ್ಲ್ಯಾಶಿನ ಶಕ್ತಿಯನ್ನು ಒಂದು ಮೆಟ್ಟಿಲು ಇಳಿಸಿ. ಫ್ಲ್ಯಾಶ್ ಹೊಡೆದ ತಕ್ಷಣ “ಆಯ್ತಾ?” ಎಂದು ಓಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ. ಹಲವು ಕ್ಯಾಮೆರಾಗಳಲ್ಲಿ ‘ನೈಟ್ ಪೋರ್ಟ್ರೇಟ್’ ಎಂಬ ಹೆಸರಿನಲ್ಲಿರುವುದೂ ಇದೇ.

ಕತ್ತಲೂ ಒಂದು ಆಯ್ಕೆ

ಎಲ್ಲವೂ ಕಾಣಲೇಬೇಕೆಂಬ ಹಟವೂ ಬೇಡ. ಇದನ್ನು ನಮ್ಮವರೊಬ್ಬರಿಂದ ಕಲಿಯಬಹುದು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು ಗುರುದತ್ ಅವರ ಚಿತ್ರಗಳ ಛಾಯಾಗ್ರಾಹಕರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲೊಂದಿದೆ. ಹೊರಗಿನ ಸೂರ್ಯನ ಬೆಳಕನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅದನ್ನು ಮೂಡಿಸಿದ್ದರು. ಆ ಬೆಳಕು ಅಷ್ಟು ಎದ್ದು ಕಾಣುವುದು ಸುತ್ತಲಿನದನ್ನೆಲ್ಲ ಕತ್ತಲಲ್ಲೇ ಬಿಟ್ಟದ್ದರಿಂದ. ಅಲ್ಲಿ ಆಟೋ ಮೀಟರೊಂದು ಇದ್ದಿದ್ದರೆ ಕತ್ತಲನ್ನು ಬೂದು ಮಾಡಿ ಕೋಲನ್ನು ಕರಗಿಸಿಬಿಡುತ್ತಿತ್ತು.

ಇದೇ ಪಾಠ ನಮ್ಮ ರಾಜ್ಯೋತ್ಸವದ ವೇದಿಕೆಗೂ ಬೇಕು. ಮಕ್ಕಳು ಭರತನಾಟ್ಯಕ್ಕೆ ನಿಂತಾಗ ಹಿಂದೆ ಕಪ್ಪು ಪರದೆ, ಮುಖದ ಮೇಲೆ ಜೋರು ದೀಪ. ಮೀಟರು ಕಪ್ಪನ್ನು ಎತ್ತಲು ಹೋಗಿ ಮಕ್ಕಳ ಮುಖವನ್ನು ಬಿಳಿ ಮಾಡಿಬಿಡುತ್ತದೆ. ಇಲ್ಲಿ ಕಾರ್ನಿಶ್‌ಗೆ ತದ್ವಿರುದ್ಧವಾಗಿ –1 ಮಾಡಬೇಕು. ಡಿಜಿಟಲ್ ಚಿತ್ರದಲ್ಲಿ ಪೂರ್ತಿ ಬಿಳಿಯಾದ ಜಾಗದಲ್ಲಿ ವಿವರ ಉಳಿದಿರುವುದೇ ಇಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಬಾರದು. ಸ್ವಲ್ಪ ಕಪ್ಪಾದದ್ದನ್ನು ಎಷ್ಟೋ ಮಟ್ಟಿಗೆ ಎತ್ತಬಹುದು. ವೇದಿಕೆಗೆ ಐಎಸ್‌ಒ 1600, ಎಫ್ 2.8, 1/250 ಎಂದು ಶುರು ಮಾಡಿ. ಲೆನ್ಸು ಎಫ್ 5.6ಕ್ಕಿಂತ ತೆರೆಯದಿದ್ದರೆ ಐಎಸ್‌ಒ 6400. ಸಭಾಂಗಣದ ಹಿಂದಿನ ಸಾಲಿನಿಂದ ಫ್ಲ್ಯಾಶ್ ಹೊಡೆಯಬೇಡಿ. ಬೆಳಗುವುದು ಮುಂದಿನ ಸಾಲಿನವರ ತಲೆ ಮಾತ್ರ.

ಫೋನಿನಲ್ಲಿ ತೆಗೆಯುವವರಿಗೆ

ಈಗ ಹೆಚ್ಚಿನವರ ಕ್ಯಾಮೆರಾ ಫೋನೇ. ಬಹುಪಾಲು ಫೋನುಗಳಲ್ಲಿ ಕಿಂಡಿ ಒಂದೇ ಅಳತೆಯದು, ಬದಲಾಗುವುದು ಶಟರ್ ಮತ್ತು ಐಎಸ್‌ಒ. ಜೊತೆಗೆ ಫೋನು ಬೇಗಬೇಗನೆ ಹಲವು ಚಿತ್ರ ತೆಗೆದು, ಒಂದರಿಂದ ಆಕಾಶ, ಇನ್ನೊಂದರಿಂದ ಮುಖ ಎಂದು ಬೆಸೆಯುತ್ತದೆ. ಆದರೂ ಹಿಡಿ ನಿಮ್ಮ ಕೈಯಲ್ಲಿದೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಡಿ, ಅಳತೆ ಮುಖಕ್ಕೆ ಹೊಂದುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಅದೇ ಕೂಡಿಸು ಕಳೆ. ನೈಟ್ ಮೋಡ್‌ನಲ್ಲಿ ಫೋನು ಕೆಲವು ಸೆಕೆಂಡು ಬೆಳಕು ಕೂಡಿಸುತ್ತದೆ, ಅದು ಗೋಪುರಕ್ಕೆ ಸರಿ. ಕುಣಿಯುತ್ತಿರುವ ಮಗುವಿಗೆ ಅದನ್ನು ಆರಿಸಿ, ದೀಪದ ಹತ್ತಿರ ನಿಲ್ಲಿಸಿ ತೆಗೆಯಿರಿ.

ದೋಹಾದ ಕೆಲವು ಎಚ್ಚರಿಕೆಗಳು

* ಬೇಸಿಗೆಯಲ್ಲಿ ಎಸಿ ಕಾರಿನಿಂದ ಹೊರಗೆ ತೆಗೆದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ತಣ್ಣಗಿನ ಗಾಜಿಗೆ ಹೊರಗಿನ ತೇವ ತಗಲುವುದೇ ಕಾರಣ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಇಪ್ಪತ್ತು ಮೂವತ್ತು ನಿಮಿಷ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಒರೆಸುತ್ತ ಕೂತರೆ ಮತ್ತೆ ಮತ್ತೆ ಕೂರುತ್ತದೆ.

* ಧೂಳಿನ ಗಾಳಿಯಿದ್ದಾಗ ಹೊರಗೆ ಲೆನ್ಸ್ ಬದಲಾಯಿಸಬೇಡಿ.

* ನಡುಹಗಲ ಬಿಸಿಲಿನಲ್ಲಿ ಐಎಸ್‌ಒ 100, ಎಫ್ 8, 1/500 ಸುಮಾರಾಗಿ ಸರಿಹೋಗುತ್ತದೆ. ಆದರೆ ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ಬೀಳುವುದರಿಂದ ಹಗಲಲ್ಲೂ ಫ್ಲ್ಯಾಶ್ ಹಾಕಿ, ಇಲ್ಲವೇ ನೆರಳಿಗೆ ಬನ್ನಿ.

* ರಾತ್ರಿ ಕತ್ತಲಲ್ಲಿ ಪರದೆ ಪ್ರಕಾಶಮಾನವಾಗಿ ಕಾಣುವುದರಿಂದ ಕಪ್ಪಾದ ಚಿತ್ರವೂ ಚೆನ್ನಾಗಿದೆ ಅನಿಸುತ್ತದೆ. ಹಿಸ್ಟೋಗ್ರಾಂ ನೋಡಿ. ಅದರ ಗುಡ್ಡ ಪೂರ್ತಿ ಎಡಕ್ಕೆ ಒತ್ತಿಕೊಂಡಿದ್ದರೆ ಬೆಳಕು ಸಾಲದು, ಬಲಗೋಡೆಗೆ ಹತ್ತಿಕೊಂಡಿದ್ದರೆ ಜಾಸ್ತಿ.

* ಇಲ್ಲಿ ಅಪರಿಚಿತರ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದು ಕಾನೂನಿನ ಪ್ರಕಾರ ಅಪರಾಧ. 2025ರಲ್ಲಿ ಸೈಬರ್ ಅಪರಾಧ ಕಾನೂನಿಗೆ ತಿದ್ದುಪಡಿ ತಂದು ಇದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ದಂಡೆಯಲ್ಲಿ ಕುಳಿತ ಬೇರೆ ಕುಟುಂಬಗಳು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ. ವೆಸ್ಟ್ ಬೇಯಲ್ಲಿ ಸರ್ಕಾರಿ ಕಚೇರಿಗಳೂ ರಾಯಭಾರ ಕಚೇರಿಗಳೂ ಇವೆ, ಅವುಗಳ ಬಾಗಿಲ ಬಳಿ ಕ್ಯಾಮೆರಾ ಎತ್ತುವುದು ಬೇಡ.

ಮನೆಪಾಠ

ಈ ಶುಕ್ರವಾರ ಸಂಜೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಕ್ಯಾಮೆರಾದ ಚಕ್ರವನ್ನು ‘ಎ’ ಅಥವಾ ‘ಎವಿ’ಗೆ ತಿರುಗಿಸಿ. ಅಲ್ಲಿ ಕಿಂಡಿಯನ್ನು ನೀವು ಹೇಳುತ್ತೀರಿ, ಶಟರನ್ನು ಕ್ಯಾಮೆರಾ ಹೊಂದಿಸುತ್ತದೆ. ಒಂದೇ ಜಾಗದಲ್ಲಿ ಒಬ್ಬರನ್ನೇ ನಿಲ್ಲಿಸಿ ಮೂರು ಚಿತ್ರ ತೆಗೆಯಿರಿ: ಕ್ಯಾಮೆರಾ ಹೇಳಿದ ಹಾಗೆ ಒಂದು, +2 ಮಾಡಿ ಒಂದು, ಸ್ಲೋ ಸಿಂಕ್ ಫ್ಲ್ಯಾಶ್‌ನಲ್ಲಿ ಒಂದು. ಮನೆಗೆ ಬಂದು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮಕ್ಕಳೇ ವ್ಯತ್ಯಾಸ ಹೇಳುತ್ತಾರೆ, ಭಿನ್ನರಾಶಿಯ ಅಭ್ಯಾಸವೂ ಆದಂತಾಯಿತು. ಆಮೇಲೆ ಅಜ್ಜಿಗೆ ಕಳಿಸುವುದು ಯಾವುದೆಂದು ಅವರೇ ಆರಿಸಲಿ.

ವೆಸ್ಟ್ ಬೇ ಬದಲಾಗುತ್ತಲೇ ಇರುವ ಜಾಗ. ಸಮುದ್ರ ತುಂಬಿಸಿ ಮಾಡಿದ ಆ ನೆಲದಲ್ಲಿ ಪಿರಮಿಡ್ ಆಕಾರದ ಶೆರಟನ್ ಹೋಟೆಲು 1982ರಲ್ಲಿ ತೆರೆದಾಗ ಸುತ್ತ ಈ ಗೋಪುರಗಳು ಇರಲಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಹೇಗಿರುತ್ತದೋ. ಗೋಪುರಗಳ ಒಳ್ಳೆಯ ಚಿತ್ರಗಳು ಆಗಲೂ ಎಲ್ಲೆಂದರಲ್ಲಿ ಸಿಗುತ್ತವೆ. ನಿಮ್ಮ ಮಗಳು ಏಳು ವರ್ಷದವಳಿದ್ದಾಗ ಆ ದಂಡೆಯಲ್ಲಿ ನಕ್ಕ ಚಿತ್ರ ಮಾತ್ರ ನಿಮ್ಮ ಮನೆಯಲ್ಲಿ ಬಿಟ್ಟು ಇನ್ನೆಲ್ಲೂ ಇರುವುದಿಲ್ಲ. ಆದ್ದರಿಂದ ಬೆಳಕು ಸಾಲದೆ ಎರಡರಲ್ಲಿ ಒಂದನ್ನೇ ಉಳಿಸಬೇಕಾಗಿ ಬಂದರೆ ಮೀಟರಿನ ಮಾತು ಕೇಳಬೇಡಿ, ಮುಖಕ್ಕೆ ಅಳತೆ ಇಡಿ.

ಪ್ರಯತ್ನಿಸಿ ನೋಡಿ. ಎಲ್ಲರಿಗೂ ಒಳ್ಳೆಯ ಬೆಳಕು ಸಿಗಲಿ.